ಬಾಗಿಲ ತನಕದ ಇತಿಹಾಸ

ಬೆಲ್ಡನ್ ಫಾಲ್ಸ್, ಓಹಾಯೋ
ಜೂನ್ 9, 2019, ಭಾನುವಾರ

ಪ್ರಿಯ ಲೈಲ್,

ನಿನ್ನ ಕ್ರಿಸ್‌ಮಸ್ ಕಾರ್ಡಿಗೆ ಜೂನ್ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೈದುಕೊ. ಮೊಣಕಾಲಿನ ಆಪರೇಷನ್ ಆಯಿತು ಎಂದು ಮೇವಿಸ್ ಬರೆದ ಕಾಗದವೂ ಮಾರ್ಚ್‌ನಲ್ಲೇ ತಲುಪಿತ್ತು. ನೀನು ಈಗ ಕೋಲಿಲ್ಲದೆ ಟ್ರ್ಯಾಕ್ಟರ್ ಹತ್ತುತ್ತಿದ್ದೀಯ, ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ ಎನ್ನುವುದೂ ಗೊತ್ತು. ನನ್ನ ಆರೋಗ್ಯ ಚೆನ್ನಾಗಿದೆ. ಕಾರ್ಲ್ ತೀರಿಹೋಗಿ ನಾಲ್ಕು ವರ್ಷವಾಯಿತು, ಗಂಡನಿಲ್ಲದ ಮನೆ ರೂಢಿಯಾಗಿದೆ. ಚಿಮಣಿಯ ಇಟ್ಟಿಗೆ ಸರಿ ಮಾಡಿಸಿದೆ.

ಅಕ್ಟೋಬರ್ ಹದಿನೆಂಟಕ್ಕೆ ಎಪ್ಪತ್ತು ತುಂಬುತ್ತದೆ, ಅವತ್ತು ಊರಿಗೆ ಬಂದು ನಿನ್ನ ಮನೆಯಲ್ಲೇ ಉಳಿಯಬೇಕೆಂದಿದ್ದೇನೆ, ಬರಲೇ ಎಂದು ಕೇಳಿದ್ದೀಯ. ಬಾ ಎಂದು ಒಂದು ಸಾಲು ಬರೆಯಲು ಆರು ತಿಂಗಳು ಬೇಕಿರಲಿಲ್ಲ. ಬರೆಯದೆ ಇದ್ದುದಕ್ಕೆ ಕಾರಣವಿದೆ, ಅದನ್ನು ಹೇಳಲಿಕ್ಕೇ ಈ ಪತ್ರ. ಇದರ ಜೊತೆ ಒಂದು ಹಳೆಯ ಲಕೋಟೆ ಇಟ್ಟಿದ್ದೇನೆ. ನನ್ನ ಪತ್ರ ಪೂರ್ತಿ ಓದುವವರೆಗೆ ಅದನ್ನು ತೆರೆಯಬೇಡ. ಓದಿದ ಮೇಲೆ ಬರುವುದೋ ಬಿಡುವುದೋ ನೀನೇ ತೀರ್ಮಾನಿಸು.

ಫೆಬ್ರವರಿಯಲ್ಲಿ ಹೈಸ್ಕೂಲಿನಿಂದ ಫೋನ್ ಬಂತು. ರಾಜ್ಯದ ಇತಿಹಾಸ ಪರೀಕ್ಷೆಯಲ್ಲಿ ಹನ್ನೊಂದು ಮಕ್ಕಳು ಬಿದ್ದಿದ್ದಾರೆ, ಮೇ ತಿಂಗಳಲ್ಲಿ ಇನ್ನೊಂದು ಅವಕಾಶವಿದೆ, ಪುನರಾವರ್ತನೆಯ ತರಗತಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ನಿವೃತ್ತಿಯಾಗಿ ಹನ್ನೊಂದು ವರ್ಷವಾಗಿದ್ದರೂ ಒಪ್ಪಿಕೊಂಡೆ. ಆಧುನಿಕ ಅಮೆರಿಕದ ಮುಖ್ಯ ಕಾಲಘಟ್ಟಗಳು, ತಿರುವುಗಳು: ನಾನು ಮೂವತ್ತನಾಲ್ಕು ವರ್ಷ ಹೇಳಿಕೊಟ್ಟ ಪಾಠವೇ.

ಆ ಹನ್ನೊಂದು ಜನರಲ್ಲಿ ಕೆಲ್ಸಿ ಮಿಹಾಲಿಕ್ ಎಂಬ ಹುಡುಗಿ ಎರಡು ಸಲ ಬಿದ್ದಿದ್ದಳು. ವಿದ್ಯುತ್ ಕೆಲಸಗಾರರ ಯೂನಿಯನ್ನು ಅವಳನ್ನು ತರಬೇತಿಗೆ ಆರಿಸಿಕೊಂಡಿತ್ತು. ಇನ್ನೂರು ಜನ ಅರ್ಜಿ ಹಾಕಿದ್ದರಲ್ಲಿ ಒಂಬತ್ತು ಜನರಿಗೆ ಸಿಕ್ಕ ಜಾಗ ಅದು. ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಆಗಸ್ಟಿನೊಳಗೆ ತೋರಿಸದಿದ್ದರೆ ಜಾಗ ಹತ್ತನೆಯವರಿಗೆ ಹೋಗುತ್ತಿತ್ತು. ಲೆಕ್ಕದಲ್ಲೂ ವಿಜ್ಞಾನದಲ್ಲೂ ಅವಳು ತರಗತಿಗೆ ಮೊದಲು. ಅಡ್ಡ ನಿಂತಿದ್ದು ಇತಿಹಾಸವೊಂದೇ.

ಅವಳ ಎರಡೂ ಉತ್ತರಪತ್ರಿಕೆಯ ವಿವರ ತರಿಸಿ ನೋಡಿದೆ. ಕಾರ್ಖಾನೆಗಳ ಕಾಲ, ವಲಸೆ ಬಂದವರು, ಮೊದಲ ಮಹಾಯುದ್ಧ, ಬ್ಯಾಂಕುಗಳು ಮುಳುಗಿದ ವರ್ಷಗಳು, ಎರಡನೇ ಮಹಾಯುದ್ಧ, ಇಲ್ಲಿಯವರೆಗೆ ಹೆಚ್ಚುಕಡಿಮೆ ಎಲ್ಲ ಸರಿ. 1945ರ ನಂತರದ ಹದಿನಾರು ಪ್ರಶ್ನೆಗಳಲ್ಲಿ ಮೂರು ಸರಿ. ಉಳಿದ ಹತ್ತು ಮಕ್ಕಳದೂ ಇದೇ ಕಥೆ.

ಮೊದಲ ದಿನ ಕೆಲ್ಸಿಯನ್ನು ಕೇಳಿದೆ, ಯುದ್ಧ ಮುಗಿದ ಮೇಲೆ ಏನಾಯಿತು ಅಂತ ಯಾರೂ ಹೇಳಿಕೊಡಲಿಲ್ಲವೇ ಎಂದು.

"ಹಿರೋಷಿಮಾ ಆದ್ಮೇಲೆ ಸೀದಾ ನಾನೇ ಹುಟ್ಟಿದ್ದು ಅನ್ಕೊಂಡಿದ್ದೆ, ಮಿಸೆಸ್ ಗ್ರೋವ್," ಅಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಗೋಡೆ ನೋಡಿದೆ. ನಮ್ಮೂರ ದಿನಪತ್ರಿಕೆ ಇದ್ದಾಗ ಮುದ್ರಣದಲ್ಲಿ ಉಳಿದ ಕಾಗದದ ಸುರುಳಿಯನ್ನು ನಾನು ಪ್ರತಿ ಸೆಪ್ಟೆಂಬರ್ ಬೇಡಿ ತರುತ್ತಿದ್ದೆ. ಅದನ್ನು ಕೋಣೆಯ ಸುತ್ತ ಅಂಟಿಸಿ, ಕಿಟಕಿಯ ಬಳಿ 1865 ಬರೆದು, ಒಂದೊಂದು ವಾರವೂ ಮುಂದಕ್ಕೆ ಬರೆಯುತ್ತ ಹೋಗುವುದು ನನ್ನ ಪದ್ಧತಿ. ಬಾಗಿಲ ಬಳಿ ಬರುವಾಗ 1945 ಆಗಿರುತ್ತಿತ್ತು, ಹೊರಗೆ ಬೇಸಿಗೆ ರಜೆ ಶುರುವಾಗಿರುತ್ತಿತ್ತು. ದೇಶದ ಇತಿಹಾಸದ ಮೇಷ್ಟ್ರುಗಳೆಲ್ಲ ಇದನ್ನೇ ಹೇಳುತ್ತಾರೆ, ಪಾಠ ಮುಗಿಯುವುದಕ್ಕೆ ಮುಂಚೆ ವರ್ಷ ಮುಗಿಯುತ್ತದೆ ಅಂತ. ನಮ್ಮ ಸಭೆಗಳಲ್ಲಿ ಅದೊಂದು ಹಳೇ ತಮಾಷೆ. ಈಗ ಆ ಕೋಣೆ ಬ್ರೆಂಟ್ ಆಸ್ಟ್ರಾಂಡರ್‌ನದು. 1994ರಲ್ಲಿ ಅವನು ನನ್ನ ವಿದ್ಯಾರ್ಥಿ. ಗೋಡೆಯ ಮೇಲೆ ಅದೇ ಪಟ್ಟಿ, ಅದೇ ಬಾಗಿಲ ಬಳಿ ಅದೇ 1945.

ಬ್ರೆಂಟ್‌ನನ್ನು ಕಾಫಿಗೆ ಕೂರಿಸಿಕೊಂಡು ಸ್ವಲ್ಪ ಖಾರವಾಗಿಯೇ ಕೇಳಿದೆ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ನೀವು ಕಲಿಸಿದ ಹಾಗೇ ಕಲಿಸ್ತಿದೀನಲ್ಲ, ಮಿಸೆಸ್ ಗ್ರೋವ್. ನಮಗೂ ಬಾಗಿಲ ಹತ್ರಾನೇ ನಿಲ್ತಿತ್ತು. ಆ ಪಟ್ಟಿ ನೋಡೇ ನಾನು ಮೇಷ್ಟ್ರಾಗ್ಬೇಕು ಅನ್ಕೊಂಡಿದ್ದು."

ಕೆಲ್ಸಿ ಎರಡು ಸಲ ಬಿದ್ದದ್ದು ನನ್ನಿಂದ ಅನ್ನುವುದು ಅವತ್ತು ಅರ್ಥವಾಯಿತು.

ವರ್ಷ ಸಾಲುತ್ತಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ, ಲೈಲ್. ಬ್ಯಾಂಕು ಮುಳುಗಿದ ವರ್ಷಗಳಿಗೆ ನಾನು ಐದು ವಾರ ಕೊಡುತ್ತಿದ್ದೆ, ಎರಡು ಸಾಕಾಗುತ್ತಿತ್ತು. ನಾನು ನಿಧಾನ ಮಾಡುತ್ತಿದ್ದೆ. 1969 ಬರಬಾರದು, ಅಷ್ಟೇ.

ಪಟ್ಟಿಯನ್ನು ಬಾಗಿಲು ದಾಟಿಸಿ ಹೊರಗಿನ ಓಣಿಗೆ ಎಳೆದೆ. ಒಂದೊಂದು ಕಾಲದ್ದು ಏನಾದರೂ ಮನೆಯಿಂದ ತಂದು ಅಂಟಿಸಿ ಎಂದು ಮಕ್ಕಳಿಗೆ ಹೇಳಿದೆ. ಅಣುಬಾಂಬಿನ ಹೆದರಿಕೆಯಲ್ಲಿ ನೆಲಮಾಳಿಗೆಯಲ್ಲಿ ನೀರು ತುಂಬಿಟ್ಟ ಡಬ್ಬಿಯ ಚೀಟಿ ಒಬ್ಬ ತಂದ. ಜೆರೋಮ್ ಟಿಬ್ಸ್ ತನ್ನ ಅಜ್ಜಿಯ ಹೇಳಿಕೆ ಬರೆದು ತಂದ. ಊರಿನ ಈಜುಕೊಳಕ್ಕೆ ಕರಿಯರನ್ನು ಸೋಮವಾರ ಮಾತ್ರ ಬಿಡುತ್ತಿದ್ದರು, ಮಂಗಳವಾರ ಬೆಳಿಗ್ಗೆ ನೀರು ಬದಲಾಯಿಸುತ್ತಿದ್ದರು. ನೀನೂ ನಾನೂ ಮಂಗಳವಾರ ನೀರು ಚೆನ್ನಾಗಿರುತ್ತದೆ ಎಂದು ಓಡುತ್ತಿದ್ದೆವು. ಯಾಕೆ ಚೆನ್ನಾಗಿರುತ್ತದೆ ಎಂದು ಕೇಳಿರಲಿಲ್ಲ. ಅಪ್ಪ ದುಡಿಯುತ್ತಿದ್ದ ಪಿಂಗಾಣಿ ಕಾರ್ಖಾನೆ ಮುಚ್ಚಿದ ನೋಟೀಸು ಮೂರು ಮನೆಗಳಿಂದ ಬಂತು.

ಸೇನಾಭರ್ತಿಯ ಲಾಟರಿ ಏಪ್ರಿಲ್ ಕೊನೆಯ ವಾರದ ಪಾಠ. 1969ರ ಡಿಸೆಂಬರ್ ಒಂದನೇ ತಾರೀಕು ಗಾಜಿನ ಪಾತ್ರೆಯಿಂದ ನೀಲಿ ಗುಳಿಗೆಗಳನ್ನು ಎತ್ತಿದ್ದು, ಒಂದೊಂದರಲ್ಲಿ ಒಂದೊಂದು ಜನ್ಮದಿನ ಇದ್ದದ್ದು, ಯಾವ ದಿನ ಮೊದಲು ಬಂತೋ ಆ ದಿನ ಹುಟ್ಟಿದ ಗಂಡುಮಕ್ಕಳು ಮೊದಲು ಯುದ್ಧಕ್ಕೆ ಹೊರಡಬೇಕಾಗಿದ್ದು, ಇಷ್ಟು ಹೇಳಿದೆ. ನೂರ ತೊಂಬತ್ತೈದನೇ ಸಂಖ್ಯೆಯವರೆಗೆ ಕರೆ ಹೋಯಿತು ಎಂದು ಪುಸ್ತಕದಲ್ಲಿ ಇದ್ದುದನ್ನೂ ಓದಿದೆ, ಸುಮ್ಮನೆ ಓದಿದೆ. ಕೆಲ್ಸಿ ಅದರ ಪೂರ್ತಿ ಪಟ್ಟಿ ಮುದ್ರಿಸಿ ತಂದಿದ್ದಳು. ಮಕ್ಕಳು ತಮ್ಮ ತಮ್ಮ ಹುಟ್ಟಿದ ದಿನ ಹುಡುಕಿಕೊಂಡು, ನೀನು ಹೋಗ್ತೀಯ, ನಾನು ಉಳಿದೆ ಎಂದು ಒಬ್ಬರಿಗೊಬ್ಬರು ಕೀಟಲೆ ಮಾಡುತ್ತಿದ್ದರು. ಕೆಲ್ಸಿಯ ಅಜ್ಜನದು ಇನ್ನೂರ ಹನ್ನೆರಡಂತೆ. ಈಗಲೂ ಅಂಗಡಿಯಲ್ಲಿ ಲಾಟರಿ ಚೀಟಿ ಕೊಳ್ಳುವಾಗ ಅದೇ ಸಂಖ್ಯೆ ಹಾಕುತ್ತಾರಂತೆ. "ಒಂದ್ಸಲ ಹೊಡೀತಲ್ಲ, ಅದಕ್ಕೇ," ಅನ್ನುತ್ತಾರಂತೆ.

ನಿಮ್ಮ ಮನೆಯಲ್ಲಿ ಯಾರದಾದರೂ ಬಂತಾ ಎಂದು ಜೆರೋಮ್ ಕೇಳಿದ. ನಾನು ಮಾತು ತಿರುಗಿಸಬಹುದಾಗಿತ್ತು. ಮೂವತ್ತನಾಲ್ಕು ವರ್ಷ ತಿರುಗಿಸಿದ್ದೇನೆ. ಅವತ್ತು ಹೇಳಿಬಿಟ್ಟೆ. ನಮ್ಮಣ್ಣನದು ಅಕ್ಟೋಬರ್ ಹದಿನೆಂಟು, ಐದನೇ ಸಂಖ್ಯೆ. ಜನವರಿಯಲ್ಲಿ ಸೇನೆ ತಪ್ಪಿಸಿಕೊಂಡು ಕೆನಡಾಕ್ಕೆ ಹೋದ. ಅವನು ಹೋದ್ದರಿಂದ ಊರು ಕಳಿಸಬೇಕಿದ್ದ ಲೆಕ್ಕದಲ್ಲಿ ಒಬ್ಬ ಕಮ್ಮಿಯಾದ, ಆ ಜಾಗಕ್ಕೆ ಸಾಲಿನಲ್ಲಿ ಹಿಂದಿದ್ದವನನ್ನು ಎಳೆದುಕೊಂಡರು. ವೆಂಡೆಲ್ ಕ್ರೆಸ್, ನವೆಂಬರ್ ಇಪ್ಪತ್ತೆರಡು, ಒಂಬತ್ತನೇ ಸಂಖ್ಯೆ. ನನಗೆ ಉಂಗುರ ತೊಡಿಸಿದ್ದ. ಹತ್ತು ತಿಂಗಳಿಗೆ ಪೆಟ್ಟಿಗೆಯಲ್ಲಿ ಬಂದ.

ನೀನಿಲ್ಲದಾಗ ಊರು ಹೀಗೇ ಹೇಳುತ್ತಿತ್ತು, ಲೈಲ್. ಕ್ಷೌರದ ಅಂಗಡಿಯಲ್ಲಿ ಹೇಳಿದರು, ಅಪ್ಪನ ಕಾರ್ಖಾನೆಯಲ್ಲಿ ಹೇಳಿದರು. ವೆಂಡೆಲ್‌ನ ತಾಯಿ ಚರ್ಚಿನ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು, "ನಿಮ್ಮಣ್ಣನ ಪಾಲು ನನ್ ಮಗ ತೀರ್ಸ್ದ," ಅಂದರು. ನನಗೆ ಹತ್ತೊಂಬತ್ತು ವರ್ಷ. ನಾನು ನಂಬಿದೆ. ಒಂದು ದಿನವಲ್ಲ, ಈ ಏಪ್ರಿಲ್‌ವರೆಗೂ ನಂಬಿದ್ದೆ. ನಿನಗೆ ಕಾರ್ಡು ಬರೆಯುವಾಗಲೂ, ನಿನ್ನ ಮಕ್ಕಳಿಗೆ ಉಡುಗೊರೆ ಕಳಿಸುವಾಗಲೂ ಆ ನಂಬಿಕೆ ಅಲ್ಲೇ ಇತ್ತು.

ಕೆಲ್ಸಿ ತಾನು ತಂದ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಏನೋ ನೋಡುತ್ತಿದ್ದಳು. ತಂತಿ ಎಲ್ಲಿ ಕಡಿದಿದೆ ಎಂದು ಹುಡುಕುವವರ ಹಾಗೆ.

"ಆದ್ರೆ ನೂರ ತೊಂಬತ್ತೈದರ ತನಕ ಕರೆದಿದಾರೆ ಅಂತ ನೀವೇ ಓದಿದ್ರಲ್ಲ, ಮಿಸೆಸ್ ಗ್ರೋವ್," ಅಂದಳು. "ಒಂಬತ್ತು ಅಂದ್ರೆ ಹೇಗಿದ್ರೂ ಹೋಗ್ಬೇಕಿತ್ತು. ನಿಮ್ಮಣ್ಣ ಹೋಗಿದ್ರೂ, ಇದ್ದಿದ್ರೂ."

ಅಷ್ಟೇ. ಒಂದು ಕೂಡಿಸುವ ಲೆಕ್ಕವೂ ಬೇಕಾಗಿರಲಿಲ್ಲ. ಆ ಪಾಠವನ್ನು ನಾನು ಒಂದೇ ಒಂದು ವರ್ಷ ಮಾಡಿದ್ದರೂ ಪುಸ್ತಕದ ಆ ಸಾಲು ನನ್ನ ಕಣ್ಣಿಗೇ ಬೀಳುತ್ತಿತ್ತು. ತಾರೀಕು ತಪ್ಪಿದರೆ ಮಕ್ಕಳ ಅಂಕ ಕಳೆಯುವ ಇತಿಹಾಸದ ಮೇಷ್ಟರು ನಾನು.

"ಸರಿ," ಅಂದೆ ಅವಳಿಗೆ. "ನೀನು ಹೇಳಿದ್ದು ಸರಿ." ಮುಂದಿನ ಪಾಠಕ್ಕೆ ಹೋದೆ. ಅಧ್ಯಕ್ಷರೊಬ್ಬರು ರಾಜೀನಾಮೆ ಕೊಟ್ಟದ್ದು, ಪೆಟ್ರೋಲಿಗೆ ಸಾಲು ನಿಂತದ್ದು, ಬರ್ಲಿನ್ ಗೋಡೆ, ಎರಡು ಗೋಪುರಗಳು ಬಿದ್ದದ್ದು. ಪಟ್ಟಿ ಓಣಿಯ ಕೊನೆಯಲ್ಲಿ ಊಟದ ಕೋಣೆಯ ಬಾಗಿಲು ಮುಟ್ಟಿತು.

ಹೋದ ಮಂಗಳವಾರ ಫಲಿತಾಂಶ ಬಂತು. ಹನ್ನೊಂದರಲ್ಲಿ ಒಂಬತ್ತು ಜನ ಪಾಸು. ಕೆಲ್ಸಿ ಎರಡು ಅಂಕದಲ್ಲಿ ದಾಟಿದಳು. ಅಜ್ಜಿ ಮಾಡಿದ, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಒಂದು ತಟ್ಟೆ ಹಿಡಿದುಕೊಂಡು ಮನೆಗೆ ಬಂದಿದ್ದಳು. ಕೂರು ಅಂದರೂ ಕೂರದೆ ನನ್ನ ವರಾಂಡದ ದೀಪದ ಸ್ವಿಚ್ಚು ಬಿಚ್ಚಿ ನೋಡಿ, "ಇದನ್ನ ಯಾರು ಹಾಕಿದ್ದು, ಜೈಲಿಗೆ ಕಳಿಸ್ಬೇಕು," ಅಂದಳು. ಹಾಕಿದ್ದು ಕಾರ್ಲ್. ಆಗಸ್ಟಿನಲ್ಲಿ ಅವಳ ತರಬೇತಿ ಶುರು. ಪಾಸಾಗದ ಇಬ್ಬರಿಗೆ ಬೇಸಿಗೆಯಲ್ಲಿ ನಾನೇ ಪಾಠ ಹೇಳುತ್ತೇನೆ. ಬ್ರೆಂಟ್ ಬರುವ ಸೆಪ್ಟೆಂಬರಿಗೆ ಪಟ್ಟಿಯನ್ನು ಕಿಟಕಿಯ ಬಳಿ ಈ ವರ್ಷದಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತಾನಂತೆ. ಅದೂ ಎಲ್ಲಾದರೂ ನಿಲ್ಲುತ್ತದೆ ಅಂದೆ. ನಿಲ್ಲಲಿ ಅಂದ.

ಇಲ್ಲಿಯ ಸುದ್ದಿ ಇಷ್ಟು. ನಿನ್ನ ಮೊಣಕಾಲು ಬೇಗ ಗಟ್ಟಿಯಾಗಲಿ. ಈ ಸಲ ನಿಮ್ಮ ಕಡೆ ಗೋಧಿಗೆ ಹೊತ್ತಿಗೆ ಸರಿಯಾಗಿ ಮಳೆ ಬೀಳಲಿ. ನಿನ್ನನ್ನೂ ಮೇವಿಸ್‌ಳನ್ನೂ ಮಕ್ಕಳು ಮೊಮ್ಮಕ್ಕಳನ್ನೂ ದೇವರು ಕಾಯಲಿ. ಐವತ್ತು ವರ್ಷ ನಿನ್ನ ಮೇಲೆ ಹೊರಿಸಿದ್ದನ್ನು ಇಳಿಸಿದ್ದೇನೆ. ಕ್ಷಮಿಸು ಎಂದು ಕೇಳುವುದು ಈ ವಿಷಯಕ್ಕೆ. ಇನ್ನೊಂದು ವಿಷಯಕ್ಕೆ ಕೇಳುವ ಧೈರ್ಯ ನನಗಿಲ್ಲ.

ನಿನ್ನ ತಂಗಿ,
ಲೋಯಿಸ್

ಮರೆಯದೆ ಓದು: ಈಗ ಆ ಲಕೋಟೆಯ ವಿಷಯ. 1977ರ ಜನವರಿಯಲ್ಲಿ ನಿನ್ನಂಥವರಿಗೆಲ್ಲ ಸರ್ಕಾರದ ಕ್ಷಮೆ ಘೋಷಣೆಯಾಯಿತಲ್ಲ, ಅದರ ಮುಂದಿನ ತಿಂಗಳು ಅಪ್ಪ ಬರೆದದ್ದು. ಮೂರು ಭಾನುವಾರ ಕೂತು ಬರೆದರು. ಹದಿಮೂರು ಸೆಂಟಿನ ಅಂಚೆಚೀಟಿ ಅಮ್ಮ ಅಂಟಿಸಿದಳು. ಅಂಚೆಕಚೇರಿ ನನ್ನ ಶಾಲೆಯ ದಾರಿಯಲ್ಲಿತ್ತು, ಹಾಕಿಬಿಡು ಎಂದು ನನ್ನ ಕೈಗೆ ಕೊಟ್ಟರು. ಅವತ್ತು ಅಂಚೆಕಚೇರಿಯ ಮೆಟ್ಟಿಲ ಮೇಲೆ ವೆಂಡೆಲ್‌ನ ತಾಯಿ ನಿಂತಿದ್ದರು. ನಾನು ಪೆಟ್ಟಿಗೆಯವರೆಗೆ ಹೋಗಿ, ನಾಳೆ ಹಾಕಿದರಾಯಿತು ಎಂದು ಚೀಲಕ್ಕೆ ಸೇರಿಸಿದೆ. ಅಂಥ ನಾಳೆ ಬರಲಿಲ್ಲ.

ಅಪ್ಪ ನಿನ್ನ ಕೋಣೆಗೆ ಬಣ್ಣ ಹೊಡೆದರು. ಏಣಿ ಹಿಡಿದವಳು ನಾನು. ಮುಂದಿನ ಮಾರ್ಚ್‌ನಲ್ಲಿ ತೀರಿಹೋಗುವ ತನಕ ಪ್ರತಿದಿನ ಅಂಚೆಯವನ ಹೊತ್ತಿಗೆ ವರಾಂಡಕ್ಕೆ ಬರುತ್ತಿದ್ದರು, ಆ ಕೆಮ್ಮಿನಲ್ಲೂ, ಹಿಮ ಬಿದ್ದಾಗಲೂ. ಇನ್ನೊಮ್ಮೆ ಬರೆಯೋಣ ಎಂದು ಅಮ್ಮ ಅಂದಾಗ, ಉತ್ತರ ಬಾರದೇ ಇರುವುದೇ ಅವನ ಉತ್ತರ, ನೀನೂ ಆ ಮಾತು ಎತ್ತಬೇಡ ಅಂದರು. ಅಮ್ಮ ಕೊನೆಯವರೆಗೂ ಎತ್ತಲಿಲ್ಲ.

ನಾನು ಅದನ್ನು ತೆರೆದಿಲ್ಲ. ಅಂಟು ತಾನಾಗಿಯೇ ಬಿಟ್ಟಿದೆ.

1991ರಲ್ಲಿ ಅಮ್ಮನನ್ನು ಮಣ್ಣು ಮಾಡಿದ ದಿನ, ಸ್ಮಶಾನದ ಗೇಟಿನ ಹತ್ತಿರ ನೀನು ನನ್ನನ್ನು ಕೇಳಿದೆ, ಅಪ್ಪ ಕೊನೆಗೆ ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ ಅಂತ. ನಾನು, ಇಲ್ಲ, ಏನೂ ಹೇಳಲಿಲ್ಲ ಅಂದೆ. ನೀನು ತಲೆಯಾಡಿಸಿ ಕಾರು ಹತ್ತಿದೆ.

ಹೇಳಿದ್ದರು, ಲೈಲ್. ಈ ಲಕೋಟೆಯಲ್ಲಿದೆ.