ಅವ್ವನ ಕೆನ್ನೆಯ ಬಣ್ಣ

ಅಪ್ಪಾ,

ಹೊಸ ಟಿವಿ ಬಂತು. ಮದ್ದೂರಿನ ಅಂಗಡಿಯವನು ಗೋಡೆಗೆ ಕೂರಿಸಿ ಹೋದ. ವಾರ್ತೆ ಓದುವವಳ ಮುಖ ಕುಂಕುಮ ಮೆತ್ತಿದಂತೆ ಕೆಂಪಗಿತ್ತು. ಬಣ್ಣ ಸರಿಮಾಡಲು ರಿಮೋಟು ಹಿಡಿದೆ. ಯಾರೂ ಕರೆಯದಿದ್ದರೂ ಅವ್ವ ಒಲೆ ಆರಿಸಿ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಟಿವಿ ಪಕ್ಕ ನಿಂತಳು.

"ಹಳೇ ಟಿವಿಗೂ ನಿಮ್ಮಪ್ಪ ನನ್ನ ಹಿಂಗೇ ನಿಲ್ಲುಸ್ಕತಿದ್ದುದು ಕಣ್ಲಾ. ನನ್ನ ಕೆನ್ನೆ ನೋಡ್ಕಂಡು ಸರಿಮಾಡು," ಅಂದಳು.

ಬಣ್ಣ ಇಳಿಸಿದೆ. ಹೊಂದಲಿಲ್ಲ. ಇನ್ನೂ ಇಳಿಸಿದೆ. ನೀನು ತೀರಿಕೊಂಡ ಮೇಲೆ ಆ ಮುಖವನ್ನು ಇಷ್ಟು ಹೊತ್ತು ನಾನು ನೋಡಿರಲಿಲ್ಲ. ಅವಳ ಕೆನ್ನೆಗೆ ಹೊಂದಿಸುತ್ತ ಹೊಂದಿಸುತ್ತ ಟಿವಿ ಪೂರ್ತಿ ಕಪ್ಪುಬಿಳುಪಾಯಿತು.

"ಸರೋಯ್ತೇನ್ಲಾ?"

"ಸರೋಯ್ತು ಕಣವ್ವ."

ಅವಳು ತಿರುಗಿ ನೋಡುವ ಮೊದಲೇ ಟಿವಿ ಆರಿಸಿಬಿಟ್ಟೆ.