ಪೆನ್ಸಿಲ್ ಗೆರೆಯೊಳಗಿನ ಹನಿ

ಬನಶಂಕರಿ
ಆಗಸ್ಟ್ ೨೦೦೨

ಪ್ರಿಯ ಚೂಡಾಮಣಿ,

‘ಬೆಳಕು ಹೊತ್ತು ಹೊರಟವರಿಗೆ ಯಾವ ಬಾಗಿಲೂ ಮುಚ್ಚದು’ ಎಂದೇನೋ ಒಂದು ಸಾಲು ಓದಿದ್ದೆ, ಮುಂದಿನದು ಮರೆತಿದೆ. ಅದು ನಿಜವೇ? ನಮ್ಮ ಪ್ರೋಟೀನಿಗೆ ಹಸಿರು ಹೊಳೆಯುವ ಪ್ರೋಟೀನನ್ನು ಬೆಸೆದೆವು. ಆದರೂ ಅದು ಜೀವಕೋಶದ ಅಂಚಿಗೆ ಹೋಗದೆ ನಡುವೆಯೇ ಸಿಕ್ಕಿಕೊಂಡು ಹೊಳೆಯಿತು.

ಎರಡರ ನಡುವಿನ ಕೊಂಡಿ ಗಿಡ್ಡವಾಯಿತೇನೋ ಎಂದು, ಲ್ಯಾಬಿಗೆ ರಜೆ ಹಾಕುವ ಮುನ್ನ ಉದ್ದ ಕೊಂಡಿಯ ಪ್ಲಾಸ್ಮಿಡ್, ಅದೇ ಆ ಡಿಎನ್ಎ ಉಂಗುರ, ಕಟ್ಟಿದ್ದೆ. ಪರೀಕ್ಷಿಸಲು ಆಗಲಿಲ್ಲ. ಇಷ್ಟು ದಿನ ಅದು ನಮ್ಮ ಫ್ರೀಜರಿನಲ್ಲಿ, ಅವರೆಕಾಳಿನ ಡಬ್ಬಿಯ ಹಿಂದಿತ್ತು. ಅದರ ಒಂದು ಹನಿಯನ್ನು ಜೊತೆಗಿಟ್ಟಿರುವ ಈ ಫಿಲ್ಟರ್ ಕಾಗದದ ಮೇಲೆ ಒಣಗಿಸಿ, ಸುತ್ತ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಗೆರೆಯೊಳಗಿನ ಭಾಗ ಕತ್ತರಿಸಿ ನೀರಲ್ಲಿ ನೆನೆಸು. ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಆಮೇಲೆ ಜೀವಕೋಶಗಳಿಗೆ ಹಾಕು. ಹಸಿರು ಅಂಚಿಗೆ ತಲುಪಿತೇ ಎಂದು ಬರೆ.

ಅತ್ತೆಗೆ ಮರೆವು ಹೆಚ್ಚಿದೆ. ನಾನು ಕಣ್ಣಿಗೆ ಕಾಣದಿದ್ದರೆ ಕೂಗುತ್ತಾರೆ. ಲ್ಯಾಬಿನಲ್ಲಿ ನನ್ನ ಮೇಜು ಬೇರೆಯವರಿಗೆ ಬೇಕಿದ್ದರೆ ಕೊಡಲಿ ಎಂದು ಸರ್‌ಗೆ ಹೇಳು. ಕೋಟು ಮಾತ್ರ ಅಲ್ಲೇ ಇರಲಿ.

ನಿನ್ನ
ಅಂಬುಜಾಕ್ಷಿ ಅಕ್ಕ

ಅಂಬುಜಾಕ್ಷಿ ಪತ್ರ ಮಡಿಚಿ ಲಕೋಟೆ ಹುಡುಕುತ್ತಿದ್ದಾಗ ಮಹಡಿಯ ಮನೆಯ ದಾನಮ್ಮ ಬಾಗಿಲಲ್ಲಿ ನಿಂತು ನಕ್ಕರು: “ಕಾಗದ ಇಲ್ಲಿ ಕೊಡ್ರಿ ಅಕ್ಕಾರ, ಪೋಸ್ಟ್ ಡಬ್ಬಿಗೆ ನಾ ಹಾಕ್ತೀನಿ. ನಿಮ್ಮತ್ತಿ ನಿಮ್ಮನ್ನ ಗೇಟಿನ ತನಕಾನೂ ಬಿಡೂದಿಲ್ಲ!”