ಧೂಪ ಹಾಕಿದ ಅಜ್ಜಿ ಅಪರಾಧಿ, ಸಿಮೆಂಟ್ ಎರಚಿದ ಪ್ಲಾಂಟ್ ನಿರಪರಾಧಿ

ಮಾನ್ಯರೇ,

ಈ ಊರಿನ ಗಾಳಿಯನ್ನು ಕಾಯಲೆಂದು ಸರ್ಕಾರ ಕುರ್ಚಿ ಹಾಕಿಕೊಟ್ಟ ಅಧಿಕಾರಿ ನೀವು. ನನ್ನ ಒಂದೂವರೆ ವರ್ಷದ ಮಗಳು ಅಕ್ಕು ಉಸಿರಾಡಲು ಒದ್ದಾಡುತ್ತಿದ್ದಾಳೆ, ಅದಕ್ಕೆ ನೀವು ನನ್ನ ತಾಯಿಯನ್ನು ಅಪರಾಧಿ ಮಾಡಿ ಹೋಗಿದ್ದೀರಿ. ಕನ್ನಡದಲ್ಲಿ ಏಕೆ ಬರೆದೆ ಎನ್ನಬೇಡಿ. ಮರಾಠಿಯಲ್ಲಿ ಕೊಟ್ಟ ದೂರುಗಳನ್ನೇ ನೀವು ಓದಲಿಲ್ಲವಾದ್ದರಿಂದ ಭಾಷೆ ಯಾವುದಾದರೂ ನಿಮಗೆ ತೊಂದರೆಯಿಲ್ಲ. ಪುಣೆಯ ನಮ್ಮ ಜನರಾದರೂ ಓದಲಿ.

ಮಗರಪಟ್ಟಾದ ಆಚೆ, ನಮ್ಮ ಕಟ್ಟಡದ ಗೋಡೆಗೆ ಅಂಟಿಕೊಂಡೇ ಕಾಂಕ್ರೀಟ್ ಕಲಸುವ ಪ್ಲಾಂಟ್ ಇದೆ. ಬೆಳಗಾಗುತ್ತಲೇ ಸಿಮೆಂಟ್ ಧೂಳು ಏಳುತ್ತದೆ. ಅದೇ ಹೊತ್ತಿಗೆ ನನ್ನ ತಾಯಿ ರುದ್ರವ್ವ, ನಮ್ಮೂರು ಇಂಡಿಯ ಕಡೆಯ ಹೆಂಗಸರೆಲ್ಲ ಮಾಡುವಂತೆ, ಕೂಸಿಗೆ ಎಣ್ಣೆ ತೀಡಿ ತಾರಸಿಯ ಮೇಲೆ ಎಳೆಬಿಸಿಲಿಗೆ ಮಲಗಿಸುತ್ತಿದ್ದಳು. ಎಣ್ಣೆಯ ಮೈಗೆ ಧೂಳು ಹಿಟ್ಟಿನಂತೆ ಮೆತ್ತಿಕೊಳ್ಳುತ್ತಿತ್ತು. ಬಿಸಿನೀರು ಎರೆದು, ಅಜವಾನದ ಧೂಪ ಹಾಕಿ ಮಲಗಿಸಿದರೆ ಕೆಮ್ಮು ಶುರು. ಕೆಮ್ಮು ಹೋಗಲೆಂದು ಮರುದಿನ ಇನ್ನಷ್ಟು ಬಿಸಿಲು. ನಾವೆಲ್ಲ ಹೀಗೇ ಬೆಳೆದವರು. ಆಗಿನ ಬಿಸಿಲಿನಲ್ಲಿ ಸಿಮೆಂಟ್ ಇರಲಿಲ್ಲ.

ಕೊನೆಗೊಮ್ಮೆ ತಾವು ದಯಮಾಡಿಸಿದಿರಿ. ಇಳಿದವರೇ ಮಾಡಿದ ಮೊದಲ ಸರ್ಕಾರಿ ಕೆಲಸವೇನು? ಧೂಳು ಕೂರುತ್ತದೆಂದು ವಾಚ್‌ಮನ್‌ನನ್ನು ಕರೆದು ನಿಮ್ಮ ಕಾರಿಗೆ ಹೊದಿಕೆ ಹಾಕಿಸಿದಿರಿ. ತಾರಸಿ ಹತ್ತಲಿಲ್ಲ. ನಮ್ಮ ಮನೆಯ ಮೂಲೆಯಲ್ಲಿ ಕೆಂಡದ ಬಟ್ಟಲು ಕಂಡದ್ದೇ ಮುಖ ಅರಳಿತು. “ಆಧೀ ಆಜೀಚಾ ಧೂರ ಬಂದ ಕರಾ,” ಮೊದಲು ಅಜ್ಜಿಯ ಹೊಗೆ ನಿಲ್ಲಿಸಿ, ಎಂದಿರಿ. ವರದಿಯಲ್ಲೂ ಅದೇ: ಕಾಯಿಲೆಗೆ ಮನೆಯ ಹೊಗೆ ಕಾರಣ, ಪ್ಲಾಂಟಿನಿಂದ ತೊಂದರೆಯಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿತಿರಿ, ಸ್ವಾಮಿ?

ಧೂಪ ಒಳ್ಳೆಯದಲ್ಲವೆಂದು ಮಕ್ಕಳ ಡಾಕ್ಟರೂ ಹೇಳಿದರು, ನಿಲ್ಲಿಸಿದೆವು. ಬಿಸಿಲಿಗೆ ಮಲಗಿಸುವುದೂ ನಿಂತಿತು, ಕಿಟಕಿಗಳೂ ಮುಚ್ಚಿದವು. ಕೆಮ್ಮು ಮಾತ್ರ ನಿಲ್ಲಲಿಲ್ಲ. ಇಂಡಿಗೆ ಕರೆದೊಯ್ದರೆ ಕೂಸು ಆಡುತ್ತದೆ, ಇಲ್ಲಿಗೆ ಬಂದರೆ ಮತ್ತೆ ನೆಬ್ಯುಲೈಜರ್. ಎಳೆಯ ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತವೆ, ಅವುಗಳ ಪುಪ್ಪುಸ ಇನ್ನೂ ಬೆಳೆಯುತ್ತಿರುತ್ತದೆ, ಈಗ ಕುಂದಿದ್ದು ಮುಂದೆ ಪೂರ್ತಿ ತುಂಬಿ ಬರಲಿಕ್ಕಿಲ್ಲ ಎಂದರು ಡಾಕ್ಟರು. ನಿಮ್ಮ ಫೈಲು ಮೇಲೇಳುವವರೆಗೆ ಬೆಳೆಯಬೇಡ ಎಂದು ಪುಪ್ಪುಸಕ್ಕೆ ನೋಟೀಸು ಕೊಡೋಣವೇ? ಅಕ್ಕು ಉಣ್ಣುವಾಗಲೂ ದಣಿಯುತ್ತಾಳೆ, ತೂಕ ಏರಿಲ್ಲ. ಓರಗೆಯ ಮಕ್ಕಳು ಓಡುತ್ತಿದ್ದರೆ ಗೋಡೆ ಹಿಡಿದು ನಿಂತು ನೋಡುತ್ತಾಳೆ.

ನಿಮ್ಮ ಮಾತು ಕೇಳಿದಂದಿನಿಂದ ನನ್ನ ತಾಯಿ ಮೊಮ್ಮಗಳನ್ನು ಎತ್ತಿಕೊಳ್ಳುತ್ತಿಲ್ಲ. ಕೂಸು ಕೈಚಾಚಿದರೆ ತನ್ನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿಯುತ್ತಾಳೆ.

“ಭಾಳ ಕೂಸು ಎತ್ತಿ ಆಡಿಸೀನಿ ಶಿವೂ. ಇದೊಂದಕ್ಕ ನನ್ನ ಕೈನ ವಿಷ ಆತೇನೋ?”

ಡಾಕ್ಟರು ಅಲ್ಲವೆಂದರೂ ಕೇಳುವುದಿಲ್ಲ. “ದೊಡ್ಡ ಸಾಹೇಬ್ರು ಹೇಳ್ಯಾರಲ್ಲೋ” ಎನ್ನುತ್ತಾಳೆ. ಇಡೀ ಪುಣೆಯಲ್ಲಿ ನಿಮ್ಮನ್ನು ನಂಬಿದ ಜೀವ ಅದೊಂದೇ ಇರಬೇಕು. ನನಗೆ ನಿಮ್ಮ ಬಗ್ಗೆ ಹೇಸಿಗೆಯಾಗುವುದು ಇದಕ್ಕೇ.

ಪ್ಲಾಂಟ್ ಮುಚ್ಚಿಸಿ. ಅದು ನಿಮ್ಮ ಕೆಲಸ, ಉಪಕಾರವಲ್ಲ. ಆಮೇಲೆ ನಮ್ಮ ಮನೆಗೆ ಬನ್ನಿ. ನನ್ನ ತಾಯಿಯ ಎದುರು ಕೂತು, “ತಪ್ಪು ನಿಮ್ಮದಲ್ಲ, ನನ್ನದು” ಎಂದು ನಿಮ್ಮ ಬಾಯಿಂದಲೇ ಹೇಳಿ, ಕೂಸನ್ನು ಆಕೆಯ ಕೈಗೆ ಕೊಡಿ.

ಇಂತಿ,
ನಿಮ್ಮ ವರದಿಯ ಪ್ರಕಾರ ಶುದ್ಧ ಗಾಳಿ ಸೇವಿಸುತ್ತಿರುವ,
ರುದ್ರವ್ವನ ಮಗ, ಅಕ್ಕುವಿನ ಅಪ್ಪ
ಶಿವರಾಜ